ಸಲಮಾಂಕಾದಲ್ಲಿ ಸ್ಪ್ಯಾನಿಷ್ ಕಲಿಕೆ: ತರಗತಿಗಿಂತ ಅಡುಗೆಮನೆಗೆ ಹೆಚ್ಚು ಅಂಕ

ಸ್ಪ್ಯಾನಿಷ್ ಕಲಿಯಲು ಸ್ಪೇನ್‌ಗೆ ಹೊರಟವರಲ್ಲಿ ಹಲವರು ಬಾರ್ಸಿಲೋನಾ ಎನ್ನುತ್ತಾರೆ. ಅಲ್ಲಿ ಕತಲಾನ್ ಭಾಷೆಯೂ ಕಿವಿಗೆ ಬೀಳುತ್ತಿರುತ್ತದೆ. ಕಲಿಯುವಷ್ಟು ಕಾಲ ಒಂದೇ ಭಾಷೆಯ ನಡುವೆ ಇರಬೇಕು ಎಂಬ ಹಟದಿಂದ ನಾನು ಸಲಮಾಂಕಾವನ್ನು ಆರಿಸಿಕೊಂಡೆ. ಮ್ಯಾಡ್ರಿಡ್‌ನಿಂದ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ವಿಶ್ವವಿದ್ಯಾಲಯ 1218ರದು. ನೆಬ್ರಿಹಾ ಬರೆದ ಸ್ಪ್ಯಾನಿಷ್ ವ್ಯಾಕರಣ 1492ರಲ್ಲಿ ಅಚ್ಚಾದದ್ದೂ ಈ ಊರಿನಲ್ಲೇ. ವಿದ್ಯಾರ್ಥಿಗಳನ್ನು ನೋಡಿ ನೋಡಿ ಪಳಗಿದ ಊರಾದ್ದರಿಂದ, ನಾವು ತಡವರಿಸಿದರೆ ಅಂಗಡಿಯವರು ಥಟ್ಟನೆ ಇಂಗ್ಲಿಷಿಗೆ ಹೊರಳುವುದಿಲ್ಲ, ಕಾಯುತ್ತಾರೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನಾನು ಸೇರಿದ್ದು ಒಂದು ಖಾಸಗಿ ಭಾಷಾ ಶಾಲೆ. ಮೊದಲ ದಿನವೇ ಬರವಣಿಗೆ ಮತ್ತು ಮಾತಿನ ಪರೀಕ್ಷೆ ನಡೆಸಿ ಬಿ1 ಎಂಬ ಮಧ್ಯಮ ಹಂತಕ್ಕೆ ಹಾಕಿದರು. ಬೆಳಗಿನ ಹೊತ್ತು ದಿನಕ್ಕೆ ನಾಲ್ಕು ತಾಸು ಪಾಠ. ನಮ್ಮ ಮೇಡಂ ಬಲು ಗಟ್ಟಿ. ಸ್ಪೇನ್‌ನಲ್ಲಿ ಇವತ್ತು ಬೆಳಿಗ್ಗೆ ತಿಂದದ್ದನ್ನು ಹೇಳಲು ಒಂದು ಭೂತಕಾಲ, ನಿನ್ನೆ ತಿಂದದ್ದಕ್ಕೆ ಇನ್ನೊಂದು. ದಿನವೂ ಪ್ರತಿಯೊಬ್ಬರಿಂದ ಎರಡನ್ನೂ ಹೇಳಿಸಿ, ಸರಿಯಾಗುವವರೆಗೆ ಬಿಡುತ್ತಿರಲಿಲ್ಲ. ಉಚ್ಚಾರಣೆಯಲ್ಲಿ ಕನ್ನಡ ನನ್ನ ಕೈ ಹಿಡಿಯಿತು. ಸ್ಪ್ಯಾನಿಷ್‌ನ ‘ತ’ ನಮ್ಮ ‘ತ’ದಂತೆಯೇ ಹಲ್ಲಿಗೆ ನಾಲಗೆ ತಾಗಿಸಿ ಹೇಳುವಂಥದ್ದು. ಅಮೆರಿಕದ ಸಹಪಾಠಿಗಳು ಅದಕ್ಕೇ ಬೆವರುತ್ತಿದ್ದರು.

ಮಧ್ಯಾಹ್ನದ ಸಂಸ್ಕೃತಿ ತರಗತಿಗೆ ಮಾತ್ರ ಕೊಟ್ಟ ದುಡ್ಡು ದಂಡ. ಇನ್‌ಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾ ಮಂಡಳಿಯ ಸೆರೆಯಿಂದ ಬಿಡುಗಡೆಯಾಗಿ ಬಂದ, ಹದಿನಾರನೇ ಶತಮಾನದ ಕವಿ ಮತ್ತು ಅಧ್ಯಾಪಕ ಫ್ರಾಯ್ ಲೂಯಿಸ್ ದೆ ಲೆಯೋನ್ ಅವರ ಪಾಠಶಾಲೆ, ಒರಟು ಮರದ ತೊಲೆಗಳನ್ನೇ ಬೆಂಚು ಮಾಡಿದ ಕೊಠಡಿ, ನಡೆದೇ ಹೋಗುವಷ್ಟು ಹತ್ತಿರದಲ್ಲಿದೆ. ನಮ್ಮನ್ನು ಅಲ್ಲಿಗೆ ಕರೆದೊಯ್ಯದೆ, ಪರದೆ ಎಳೆದ ಕೋಣೆಯಲ್ಲಿ ಅದರ ಚಿತ್ರ ತೋರಿಸಿದರು! ನಾನೇ ಹೋಗಿ ನೋಡಿ ಬಂದೆ.

ಇನ್ನು ಮನೆಯ ವಿಷಯ. ಹಾಸ್ಟೆಲ್ ಅಥವಾ ಸ್ಥಳೀಯರ ಮನೆ ಎಂದು ಆಯ್ಕೆ ಕೊಡುತ್ತಾರೆ. ಕಣ್ಣು ಮುಚ್ಚಿ ಮನೆಯನ್ನೇ ಆರಿಸಿ. ನನ್ನ ಪಾಲಿಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ಮನೆ. ಮಾಂಸ, ಮೀನು ತಿನ್ನುವುದಿಲ್ಲ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಶಾಲೆಯ ಕಚೇರಿ ಆ ಮಾತನ್ನು ಮನೆಗೆ ದಾಟಿಸಿಯೇ ಇರಲಿಲ್ಲ. ಮೊದಲ ರಾತ್ರಿ ಸಲಾಡ್‌ನಲ್ಲಿ ಟ್ಯೂನಾ ಮೀನು, ಬೇಳೆಯಲ್ಲಿ ಚೊರೀಸೊ ಎಂಬ ಹಂದಿಮಾಂಸದ ತುಂಡು. ಪ್ರಯಾಣದ ಸುಸ್ತಿನಲ್ಲಿ, ಅರೆಬರೆ ಭಾಷೆಯಲ್ಲಿ ಅದನ್ನು ವಿವರಿಸುವ ಪಾಡು ಯಾವ ವಿದ್ಯಾರ್ಥಿಗೂ ಬರಬಾರದು. ಈ ಅಸಡ್ಡೆಗೆ ಕಚೇರಿಯವರು ಕ್ಷಮೆಯನ್ನೂ ಕೇಳಲಿಲ್ಲ.

ಅಜ್ಜಿಯಾದರೋ ಮರುದಿನವೇ ನನಗೆಂದು ಬೇರೆ ಪಾತ್ರೆ ಇಟ್ಟರು. ಮೊಟ್ಟೆ ತಿನ್ನುತ್ತೇನೆ ಎಂದದ್ದೇ ತಡ, ಆಲೂಗಡ್ಡೆ ತೋರ್ತಿಯಾ ಮಾಡಿದರು. ತೆಳ್ಳಗೆ ಹೆಚ್ಚಿದ ಆಲೂಗಡ್ಡೆಯನ್ನು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಸೋಸಿ, ಮೊಟ್ಟೆಯೊಂದಿಗೆ ಬೆರೆಸಿ, ಮತ್ತೆ ಬಾಣಲೆಗೆ ಸುರಿದರು. ಆಮೇಲೆ ಬಾಣಲೆಯ ಮೇಲೆ ತಟ್ಟೆ ಕವುಚಿ ಒಂದೇ ಏಟಿಗೆ ಮಗುಚಿದರು. “ಮಗಳೇ, ಈಗ ನಾನು ಏನು ಮಾಡಿದೆ, ಹೇಳು ನೋಡೋಣ” ಎಂದು ಪ್ರತಿ ಹಂತಕ್ಕೂ ಕೇಳುವರು. ಕ್ರಿಯಾಪದ ತಪ್ಪಿದರೆ ಸೌಟು ಎತ್ತಿ ತಿದ್ದುವರು. ಅಲ್ಲಿ ಮಧ್ಯಾಹ್ನದ ಊಟಕ್ಕೇ ಎರಡೂವರೆಯಾಗುತ್ತದೆ, ರಾತ್ರಿ ಊಟಕ್ಕೆ ಒಂಬತ್ತೂವರೆ. ನಡುವಿನ ಹಸಿವು ಕಷ್ಟ, ನಿಜ. ಆದರೆ ಊಟದ ಮೇಲೆ ಮೇಜು ಬಿಟ್ಟೇಳದೆ ಅಕ್ಕಪಕ್ಕದವರ ಸುದ್ದಿ, ಬೆಲೆ ಏರಿಕೆ, ಮೊಮ್ಮಕ್ಕಳ ಮದುವೆ ಎಲ್ಲವೂ ಮಾತಿಗೆ ಬರುತ್ತಿದ್ದವು. ನನ್ನ ಬಾಯಿ ಬಿಚ್ಚಿಸಿದ್ದು ಆ ಹೊತ್ತು. ಆ ಅಜ್ಜಿಯ ಋಣ ನನ್ನ ಮೇಲೆ ದೊಡ್ಡದು.

ಹೋಗುವವರಿಗೆ ಕೆಲವು ಮಾತು. ಕೋರ್ಸ್ 90 ದಿನ ಮೀರಿದರೆ ವಿದ್ಯಾರ್ಥಿ ವೀಸಾ ಬೇಕು, ಕಾಗದಪತ್ರಗಳಿಗೆ ಮೊದಲೇ ಓಡಾಡಿ. ಪ್ರಮಾಣಪತ್ರ ಬೇಕಿದ್ದರೆ ಡೆಲೆ, ಸಿಯೆಲೆ ಎಂಬ ಸ್ಪ್ಯಾನಿಷ್ ಪರೀಕ್ಷೆಗಳಿವೆ. ಡೆಲೆಗೆ ಅವಧಿ ಮುಗಿಯುವುದೆಂಬುದಿಲ್ಲ, ಸಿಯೆಲೆ 5 ವರ್ಷಕ್ಕಷ್ಟೇ. ಪರೀಕ್ಷಾ ಶುಲ್ಕ ನನ್ನ ಕೋರ್ಸಿನಲ್ಲಿ ಸೇರಿರಲಿಲ್ಲ, ಕೇಳಿಕೊಳ್ಳಿ. ಸಸ್ಯಾಹಾರಿಗಳು ಶಾಲೆಯನ್ನು ನೆಚ್ಚದೆ ಮನೆಯವರಿಗೇ ನೇರವಾಗಿ ಬರೆದು ತಿಳಿಸಿ, ಟ್ಯೂನಾ ಮತ್ತು ಹ್ಯಾಮ್ ಎರಡನ್ನೂ ಹೆಸರಿಸಿ. ಬೇಸಿಗೆ ರಜೆಯಲ್ಲಿ ಊರು ಇಂಗ್ಲಿಷ್ ಮಾತನಾಡುವ ವಿದ್ಯಾರ್ಥಿಗಳಿಂದ ತುಂಬಿರುತ್ತದೆ, ಅಕ್ಟೋಬರ್ ಮೇಲು. ಆದರೆ ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಜೋರು. ದಪ್ಪ ಕೋಟು ಇಲ್ಲಿಂದಲೇ ಒಯ್ಯಿರಿ.