ಫೈನಿಂಗರ್ ಸೇತುವೆಯ ಮುದ್ರಿತ ಪ್ರತಿ: ಗೆರೆಗೆ ನ್ಯಾಯ, ಅಂಚಿಗೆ ಕತ್ತರಿ

ಲಯೊನೆಲ್ ಫೈನಿಂಗರ್ ಶಾಯಿ ಮತ್ತು ಜಲವರ್ಣದಲ್ಲಿ ರಚಿಸಿದ ಹಳ್ಳಿ ಸೇತುವೆಯ ಚಿತ್ರವೊಂದರ ಮುದ್ರಿತ ಪ್ರತಿಯನ್ನು, ಫ್ರೇಮ್ ಹಾಕಿಸಿಯೇ ಮನೆಗೆ ಕಳುಹಿಸುವ ಆನ್‌ಲೈನ್ ಮಳಿಗೆಯೊಂದರಿಂದ ತರಿಸಿಕೊಂಡಿದ್ದೇನೆ. ಗೋಡೆಗೆ ಒಪ್ಪುತ್ತದೆಯೇ ಎಂದಷ್ಟೇ ಕೇಳುವವರಿಗೆ ಧಾರಾಳವಾಗಿ ಹೌದೆನ್ನಬಹುದು. ಈ ಕಲಾವಿದರ ಚಿತ್ರವೇ ಬೇಕೆಂದು ಹಣ ತೆರುವವರು ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

1871ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 1887ರಲ್ಲಿ ಸಂಗೀತ ಕಲಿಯಲೆಂದು ಜರ್ಮನಿಗೆ ಹೋಗಿ, ಅಲ್ಲಿ ಚಿತ್ರಕಲೆಯತ್ತ ಹೊರಳಿದ ಫೈನಿಂಗರ್ ಬಹುಕಾಲ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದೇ ಜೀವನ ಸಾಗಿಸಿದವರು. ಜರ್ಮನಿಯ ವೈಮರ್ ಪಟ್ಟಣದ ಸುತ್ತಲಿನ ಹಳ್ಳಿಗಳ ಚರ್ಚು, ಮನೆ, ಕಲ್ಲಿನ ಸೇತುವೆಗಳು ಅವರಿಗೆ ಮತ್ತೆ ಮತ್ತೆ ವಸ್ತುವಾದವು. ಓಬರ್‌ವೈಮರ್‌ನ ಕಮಾನು ಸೇತುವೆಯನ್ನು ತೈಲವರ್ಣದಲ್ಲೂ ಹಲವು ಬಾರಿ ಚಿತ್ರಿಸಿದ್ದಾರೆ.

ವ್ಯಂಗ್ಯಚಿತ್ರದಲ್ಲಿ ಪಳಗಿದ ಕೈ ಈ ಪ್ರತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಮಾನಿನ ಬಾಗನ್ನೂ ಅವರು ಮೋಟು ನೇರ ಗೆರೆಗಳನ್ನು ಜೋಡಿಸಿಯೇ ಕಟ್ಟಿದ್ದಾರೆ. ಕಾಗದದ ಒರಟಿಗೆ ಲೇಖನಿ ತಡವರಿಸಿದಲ್ಲಿ ಗೆರೆ ತುಂಡಾಗಿ, ಕೂದಲೆಳೆಯಷ್ಟು ಜಾಗ ಬಿಟ್ಟು ಮುಂದುವರಿಯುತ್ತದೆ. ಮುದ್ರಣ ಈ ತುಂಡುಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡಿದೆ, ಭೂತಗನ್ನಡಿ ಹಿಡಿದು ನೋಡಿದರೂ ಗೆರೆಯ ಅಂಚು ಕಲಸಿಹೋಗಿಲ್ಲ. ಬಣ್ಣವಂತೂ ಗೆರೆಯ ಅಪ್ಪಣೆಗೆ ಕಾಯುವುದೇ ಇಲ್ಲ: ಆಕಾಶದ ತೆಳುನೀಲಿ ಸೇತುವೆಯ ತಡೆಗೋಡೆಯನ್ನು ದಾಟಿ ಕಲ್ಲಿನ ಮೇಲೂ ಹರಿಯುತ್ತದೆ. ಗೆರೆ ಮತ್ತು ಬಣ್ಣ ಹೀಗೆ ತಮ್ಮ ತಮ್ಮ ಹಾದಿ ಹಿಡಿಯುವುದರಿಂದಲೇ ಅಷ್ಟು ಭಾರದ ಕಲ್ಲುಕಟ್ಟಡ ಗಾಳಿಯಲ್ಲಿ ನಿಂತಂತೆ ತೋರುತ್ತದೆ.

ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಮಳಿಗೆಯವರು ಹಾಲುಬಿಳಿ ಕಾಗದವನ್ನು ಆರಿಸಿಕೊಂಡದ್ದು ಸರಿಯಲ್ಲ. ಬಣ್ಣ ಹಚ್ಚದೆ ಬಿಟ್ಟ ಕಾಗದವೇ ಇಂಥ ಚಿತ್ರದಲ್ಲಿ ಬೆಳಕಿನ ಪಾತ್ರ ವಹಿಸುವುದರಿಂದ, ಅದು ತುಸು ಕೆನೆಬಣ್ಣಕ್ಕೆ ತಿರುಗಿದ್ದರೇ ಚೆನ್ನ. ಇಲ್ಲಿ ನದಿಯ ನೀರು ಟ್ಯೂಬ್‌ಲೈಟಿನ ಕೆಳಗಿಟ್ಟಂತೆ ಕಣ್ಣಿಗೆ ಚುಚ್ಚುತ್ತದೆ.

ದೊಡ್ಡ ತಕರಾರು ಫ್ರೇಮಿನೊಳಗೆ ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚಿನದು, ಅಂದರೆ ಮೌಂಟ್‌ನದು. ಚಿತ್ರದ ಕೆಳಗೆ ಎಡಕ್ಕೆ ಸಹಿ, ನಡುವೆ ಶೀರ್ಷಿಕೆ, ಬಲಕ್ಕೆ ದಿನಾಂಕವನ್ನು ಶಾಯಿಯಲ್ಲಿ ಪುಟ್ಟ ಅಕ್ಷರಗಳಿಂದ ಬರೆಯುವುದು ಫೈನಿಂಗರ್ ಅವರ ರೂಢಿ, ಮತ್ತು ಆ ಸಾಲು ಚಿತ್ರದ ವಿನ್ಯಾಸದ ಭಾಗವೇ ಆಗಿರುತ್ತದೆ. ಮಳಿಗೆಯವರು ಕತ್ತರಿಸಿದ ಮೌಂಟ್ ದಿನಾಂಕವನ್ನು ಪೂರ್ತಿಯಾಗಿಯೂ ಶೀರ್ಷಿಕೆಯನ್ನು ಅರ್ಧವೂ ನುಂಗಿಹಾಕಿದೆ. ವಿಚಾರಿಸಿದರೆ, ಎಲ್ಲ ಚಿತ್ರಗಳಿಗೂ ಒಂದೇ ಅಳತೆ ಎಂಬ ಉತ್ತರ ಬಂತು. ಜೊತೆಗಿಟ್ಟಿದ್ದ ಪರಿಚಯದ ಹಾಳೆಯೂ ಫೈನಿಂಗರ್ ಕಲಿಸುತ್ತಿದ್ದ ಜರ್ಮನಿಯ ಬೌಹೌಸ್ ಕಲಾಶಾಲೆಯ ಹೆಸರು ಹೇಳಿ ಮುಗಿದುಬಿಡುತ್ತದೆ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಡೆದ ಬೌಹೌಸ್ ಕಲಾವಿದರ ಪ್ರದರ್ಶನದಲ್ಲಿ ಇವರ ಕೃತಿಗಳೂ ಇದ್ದವು ಎಂಬುದನ್ನು ಇಲ್ಲಿನ ಗ್ರಾಹಕರಿಗಾದರೂ ತಿಳಿಸಬಹುದಿತ್ತು.

ತರಿಸುವುದಾದರೆ ಫ್ರೇಮ್ ಇಲ್ಲದ ಪ್ರತಿಯನ್ನು ತರಿಸಿ, ಊರಿನ ಫ್ರೇಮ್ ಅಂಗಡಿಯವರ ಎದುರು ನಿಂತು, ಕೆಳಗಿನ ಬರಹದ ಸಾಲಿಗೂ ಜಾಗ ಬಿಟ್ಟು ಮೌಂಟ್ ಕತ್ತರಿಸಿಕೊಳ್ಳುವುದು ಲೇಸು. ನಾನು ಈ ಪ್ರತಿಯನ್ನು ಬಿಚ್ಚಿಸಿ ಹಾಗೆಯೇ ಮಾಡಿಸುತ್ತಿದ್ದೇನೆ.