ಮರಳಿನ ಬದಲು ಏನು? ಚಿರೇಕಲ್ಲು, ನಾರು, ಇದ್ದಿಲು, ಬಳಚಿನ ಚಿಪ್ಪು

ಹೊಳೆಯ ಮರಳು ಸಿಗುವುದೇ ಕಷ್ಟವಾಗಿರುವ ಕಾಲದಲ್ಲಿ ಊರಿನ ಕೊಳಚೆ ಸೋಸಲು ಅದೊಂದನ್ನೇ ನಂಬಿ ಕೂರಲಾಗದು. ಕಾರವಾರದ ನಮ್ಮ ಓಣಿಯ ಗಟಾರದ ನೀರನ್ನು ಮೊದಲು ತೊಟ್ಟಿಯಲ್ಲಿ ನಿಲ್ಲಿಸಿ, ಗಷ್ಟು ತಳಕ್ಕಿಳಿದ ಮೇಲೆ ಸಾಲಾಗಿಟ್ಟ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಹನಿಹನಿಯಾಗಿ ಬಿಟ್ಟು ನೋಡಿದೆ. ಒಂದಕ್ಕೆ ಮರಳು, ಉಳಿದವಕ್ಕೆ ಈ ಕರಾವಳಿಯಲ್ಲೇ ಸಿಗುವ ಪರ್ಯಾಯಗಳು. ಬೇಸಿಗೆಯಲ್ಲಿ ಶುರುಮಾಡಿ ಮಳೆಗಾಲ ದಾಟಿಸಿದೆ.

ತಿಳಿಯಲ್ಲಿ ಮರಳನ್ನು ಯಾವುದೂ ಮೀರಿಸಲಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕಟ್ಟಿಕೊಂಡದ್ದೂ ಅದೇ. ಕುಡಿಯುವ ನೀರಿನ ನಿಧಾನ ಫಿಲ್ಟರಿಗೆ ಹಾಕುವ 0.15ರಿಂದ 0.35 ಮಿ.ಮೀ. ಮರಳು ಕೊಳಚೆಗೆ ತೀರಾ ಸಣ್ಣದು. ದಪ್ಪ ಮರಳು ಹಾಕಿದರೂ ಮೇಲ್ಪದರ ಲೋಳೆಗಟ್ಟಿತು; ಮತ್ತೆ ಮತ್ತೆ ಕೆರೆದು ತೆಗೆಯಬೇಕಾಯಿತು.

ತೆಂಗಿನ ನಾರಿನದು ಇದಕ್ಕೆ ತದ್ವಿರುದ್ಧ. ಸೋಸುವುದು ಎನ್ನುತ್ತೇವಾದರೂ ಹೆಚ್ಚಿನ ಕೆಲಸ ಮಾಡುವುದು ಎಳೆಗಳಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾ. ಅವಕ್ಕೆ ಗಾಳಿ ಬೇಕು, ನಾರಿನೊಳಗೆ ಗಾಳಿ ಚೆನ್ನಾಗಿ ಆಡುತ್ತದೆ. ಹಾಗಾಗಿ ವಾಸನೆ ಮೊದಲು ಹೋದದ್ದು ಈ ಡ್ರಮ್ಮಿನಲ್ಲೇ. ಶುರುವಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಬಿಟ್ಟುಕೊಂಡು ನೀರು ಕಷಾಯದಂತೆ ಕಂದಾಗುತ್ತದೆ. ನಾರನ್ನು ಮೊದಲೇ ನೆನೆಹಾಕಿ, ನೀರು ಬದಲಿಸುತ್ತಾ ತೊಳೆದರೆ ಅದು ಕಡಿಮೆಯಾಗುತ್ತದೆ. ಶಿರಸಿಯಿಂದ ತರಿಸಿದ ಅಡಿಕೆ ಸಿಪ್ಪೆಯನ್ನೂ ಹಾಕಿ ನೋಡಿದೆ. ಬೇಗ ಮೆತ್ತಗಾಗಿ ಅಡಿಗೆ ಕುಸಿಯಿತು. ಕೊಳೆಯುವುದನ್ನು ತಡೆಯುವ ಲಿಗ್ನಿನ್ ತೆಂಗಿನ ನಾರಿನಲ್ಲಿ ಹೆಚ್ಚು, ಅದಕ್ಕೇ ಅದರ ಬಾಳಿಕೆ. ಆದರೂ ನಾರು ಶಾಶ್ವತವಲ್ಲ, ತಗ್ಗಿದಂತೆ ಬದಲಿಸಲೇಬೇಕು.

ನನ್ನ ಮನಸ್ಸು ಗೆದ್ದದ್ದು ಚಿರೇಕಲ್ಲು, ಅಂದರೆ ಗೋಡೆ ಕಟ್ಟಲು ಬಳಸುವ ಕೆಂಪು ಮುರಕಲ್ಲು. ಕಲ್ಲುಕ್ವಾರಿಯಲ್ಲಿ ಕಲ್ಲು ಕತ್ತರಿಸಿದ ಮೇಲೆ ಬಿದ್ದಿರುವ ಚೂರನ್ನು 5ರಿಂದ 10 ಮಿ.ಮೀ. ಗಾತ್ರಕ್ಕೆ ಜರಡಿ ಹಿಡಿದು, ಕೆಂಪು ಧೂಳು ಹೋಗುವ ತನಕ ತೊಳೆದು ತುಂಬಿದೆ. ಈ ಕಲ್ಲಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ತುಂಬಿವೆ. ಬಟ್ಟೆ ತೊಳೆಯುವ ಪುಡಿ, ಮಲಮೂತ್ರಗಳಿಂದ ಬರುವ ಫಾಸ್ಫೇಟನ್ನು ಅವು ಹಿಡಿದಿಡುತ್ತವೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢವಾಗುವ ಪರೀಕ್ಷಾ ಕಿಟ್ಟಿನಲ್ಲಿ ಮರಳಿನ ನೀರು ಗಾಢ ನೀಲಿಯಾಯಿತು, ಚಿರೇಕಲ್ಲಿನದು ಬಣ್ಣ ಹಿಡಿಯಿತೋ ಇಲ್ಲವೋ ಎನ್ನುವಷ್ಟು ತೆಳು. ಹೊಳೆಬಾಯಿಗೆ, ಕೆರೆಗೆ ಸೇರುವ ನೀರಿಗೆ ಇದು ದೊಡ್ಡ ವಿಷಯ. ಪಾಚಿ ಹಬ್ಬುವುದು ಈ ಫಾಸ್ಫೇಟು, ಸಾರಜನಕಗಳಿಂದಲೇ.

ಆದರೆ ಆಷಾಢದ ಮಳೆಯಲ್ಲಿ ಹೊರದಾರಿಯ ಮಟ್ಟಕ್ಕೆ ನೀರೇರಿ ಡ್ರಮ್ಮಿನ ತಳ ಮುಳುಗಿಯೇ ಇದ್ದಾಗ ಕಲ್ಲು ಕಪ್ಪಾಯಿತು, ಕೊಳೆತ ಮೊಟ್ಟೆಯ ವಾಸನೆ ಬಂತು, ಕಿಟ್ಟಿನಲ್ಲಿ ನೀಲಿ ಮರಳಿ ಕಾಣಿಸಿತು. ಗಾಳಿಯಿಲ್ಲದ ಕಡೆ ಕಬ್ಬಿಣದ ಆಕ್ಸೈಡ್ ಕರಗಿ, ಹಿಡಿದಿದ್ದ ಫಾಸ್ಫೇಟನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಚಿರೇಕಲ್ಲು ಹಾಕುವವರು ತಳವನ್ನು ನೆಲಮಟ್ಟದಿಂದ ಎತ್ತರಿಸಿ, ನೀರು ಇಳಿದುಹೋಗುವಂತೆ ಕಟ್ಟಲೇಬೇಕು. ನಮ್ಮ ಮಳೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ತೆಂಗಿನ ಗೆರಟೆಯ ಇದ್ದಿಲಿನ ಬಗ್ಗೆ ಜನರಿಗಿರುವಷ್ಟು ಭರವಸೆ ನನಗಿಲ್ಲ. ಮೊದಮೊದಲು ಬಣ್ಣ, ವಾಸನೆ ಎರಡನ್ನೂ ಹೀರಿತು. ರಂಧ್ರಗಳು ತುಂಬಿದ ಮೇಲೆ ಅದು ಬ್ಯಾಕ್ಟೀರಿಯಾ ಕೂರುವ ಇನ್ನೊಂದು ಕಲ್ಲಷ್ಟೇ. ಮನೆಯಲ್ಲಿ ಸುಟ್ಟ ಇದ್ದಿಲು ಕಾರ್ಖಾನೆಯಲ್ಲಿ ಅಸಂಖ್ಯ ಸಣ್ಣ ರಂಧ್ರ ಬರುವಂತೆ ತಯಾರಿಸುವ ಆಕ್ಟಿವೇಟೆಡ್ ಕಾರ್ಬನ್ ಅಲ್ಲ.

ಬಳಚಿನ, ಅಂದರೆ ಹೊಳೆಬಾಯಿಯಲ್ಲಿ ಸಿಗುವ ಎರಡು ಚಿಪ್ಪಿನ ಜೀವಿಯ, ಚಿಪ್ಪು ಒಂಟಿಯಾಗಿ ಸೋತಿತು, ಜೊತೆಯಲ್ಲಿ ಗೆದ್ದಿತು. ಅಮೋನಿಯಾ ನೈಟ್ರೇಟ್ ಆಗುವಾಗ ನೀರಿನ ಕ್ಷಾರೀಯತೆ (ಹುಳಿಯಾಗದಂತೆ ತಡೆಯುವ ಶಕ್ತಿ) ಖರ್ಚಾಗುತ್ತದೆ: ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು. ಚಿರೇಕಲ್ಲು ನೆಲದ ಬಾವಿನೀರು ಮೊದಲೇ ಮೆದು, ಅಂದರೆ ಸುಣ್ಣದಂಶ ಕಡಿಮೆ, ಹಾಗಾಗಿ ಪಿಎಚ್ ಕುಸಿದು ನೀರು ಹುಳಿಯಾಗುವ ಭಯ ಇಲ್ಲಿ ಹೆಚ್ಚು. ಚಿಪ್ಪು ನಿಧಾನ ಕರಗಿ ಅದನ್ನು ತಡೆಯುತ್ತದೆ. ಮಾಂಸದ ಚೂರು ಉಳಿಯದಂತೆ ಬಿಸಿಲಿಗೆ ಒಣಗಿಸಬೇಕು. ಅಡುಗೆಮನೆ, ಖಾನಾವಳಿಗಳಲ್ಲಿ ಬಿಸಾಡುವ ಚಿಪ್ಪೇ ಸಾಕು. ಇದಕ್ಕಾಗಿ ಅಘನಾಶಿನಿ ಹೊಳೆಯ ತಳ ಅಗೆಯುವ ಅಗತ್ಯವಿಲ್ಲ.

ಈಗ ನಾನು ಉಳಿಸಿಕೊಂಡಿರುವುದು ಎರಡು ಡ್ರಮ್ಮು: ಮೊದಲಿನದರಲ್ಲಿ ನಾರು, ನಡುನಡುವೆ ಚಿಪ್ಪಿನ ಪದರ, ಎರಡನೆಯದರಲ್ಲಿ ಚಿರೇಕಲ್ಲು. ಮರಳನ್ನು ಕೈಬಿಟ್ಟೆ. ಎಷ್ಟೇ ತಿಳಿಯಾಗಿ ಕಂಡರೂ ಈ ನೀರಿನಲ್ಲಿ ರೋಗಾಣು ಇದ್ದೇ ಇರುತ್ತದೆ. 2017ರ ಕೇಂದ್ರದ ಅಧಿಸೂಚನೆ ಸಂಸ್ಕರಿಸಿದ ಕೊಳಚೆಯಲ್ಲಿ ಮಲದ ಕೋಲಿಫಾರಂ ಬ್ಯಾಕ್ಟೀರಿಯಾ 100 ಮಿ.ಲೀ.ಗೆ 1000ಕ್ಕಿಂತ ಕಡಿಮೆ ಇರಬೇಕೆನ್ನುತ್ತದೆ. ಆದ್ದರಿಂದ ಕೊನೆಗೆ ಕ್ಲೋರಿನ್ ಬೇಕೇ ಬೇಕು. ಹಳೆಯ ನಾರನ್ನು ಗೊಬ್ಬರ ಮಾಡಿ ತೆಂಗಿನ ಬುಡಕ್ಕೆ ಹಾಕಬಹುದು, ಬಸಳೆ ಹರಿವೆಗೆ ಬೇಡ.