ಕೆಸರುಗದ್ದೆಗೆ ಕೇಜ್ ವೀಲ್: ಅರ್ಧದ್ದೋ, ಫುಲ್ಲೋ?

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಹರಿಹರ, ಮಲೇಬೆನ್ನೂರು ಕಡೆಯ ಎರೆ ಗದ್ದೆಗೆ ಬರೀ ಟೈರಿನ ಟ್ರ್ಯಾಕ್ಟರ್ ಇಳಿಸಿದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಹಿಮ ಬೀಳುವ ಊರಿನವರು ಟೈರಿಗೆ ಸರಪಳಿ ಸುತ್ತುತ್ತಾರಲ್ಲ, ನಮ್ಮಲ್ಲಿ ಆ ಕೆಲಸ ಕೇಜ್ ವೀಲಿನದು, ಅಂದರೆ ಪಂಜರದಂಥ ಕಬ್ಬಿಣದ ಗಾಲಿಯದು. ಗದ್ದೆ ಅಲ್ಲೊಂದು ಇಲ್ಲೊಂದು ಹಂಚಿಹೋಗಿದ್ದು, ಟ್ರ್ಯಾಕ್ಟರ್ ಬಾಡಿಗೆಗೂ ಹೋಗುವುದಾದರೆ ಟೈರಿನ ಹೊರಬದಿಗೆ ಬಿಗಿಯುವ ಅರ್ಧ ಕೇಜ್ ವೀಲನ್ನೇ ಕೊಳ್ಳಿ. ಟೈರಿಗೆ ನೀರು ತುಂಬಿಸುವುದು, ಫುಲ್ ಕೇಜ್, ಅರ್ಧ ಕೇಜ್, ಈ ಮೂರೂ ಬಗೆ ಬಳಸಿ ನೋಡಿದ ಮೇಲೆ ಹೇಳುವ ಮಾತಿದು.

ಟೈರಿಗೆ ನೀರು ತುಂಬಿಸುವುದು ಒಣ ಉಳುಮೆಗೆ, ಟ್ರೇಲರ್ ಎಳೆಯುವುದಕ್ಕೆ ಚೆನ್ನ. 13.6-28 ಅಳತೆಯ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿದರೆ ಒಂದೊಂದು ಗಾಲಿಗೂ ಒಂದೂವರೆ ಕ್ವಿಂಟಾಲ್ ಆಸುಪಾಸು ತೂಕ ಏರುತ್ತದೆ. ಕೆಸರಿನಲ್ಲಿ ಆ ತೂಕವೇ ಗಾಡಿಯನ್ನು ಹೂಳುತ್ತದೆ. ಗದ್ದೆಗಿಳಿಯುವ ಮುಂಚೆ ನೀರು ತೆಗೆಸಿಬಿಡಿ.

ಫುಲ್ ಕೇಜ್ ಹಿಡಿತದಲ್ಲಿ ಎಲ್ಲಕ್ಕಿಂತ ಮುಂದು, ಸುಳ್ಳು ಹೇಳಬಾರದು. ಆದರೆ ಹಿಂದಿನ ಟೈರು ಬಿಚ್ಚಿ ಅದನ್ನು ಹಾಕಬೇಕು. ಜಾಕ್ ಕೊಡಲು ಗದ್ದೆ ಪಕ್ಕ ಗಟ್ಟಿ ನೆಲ ಬೇಕು. ಡಾಂಬರು ರಸ್ತೆಗೆ ಇಳಿಸುವಂತಿಲ್ಲ, ರಸ್ತೆಯೂ ಕಿತ್ತುಹೋಗುತ್ತದೆ, ದಂಡವೂ ಬೀಳುತ್ತದೆ. ವರ್ಷವರ್ಷ ಅದನ್ನೇ ಓಡಿಸಿದರೆ ಕೆಸರಿನ ಕೆಳಗಿನ ಗಟ್ಟಿ ಪದರವನ್ನೂ ಕೊರೆದು ಗದ್ದೆ ಇನ್ನಷ್ಟು ಆಳವಾಗುತ್ತದೆ. ಹತ್ತೆಕರೆ ಒಂದೇ ಕಡೆ ಇರುವವರಿಗೆ ಅದು ಸರಿ.

ಇನ್ನು ಅರ್ಧ ಕೇಜಿನ ಕಾಟ. ಟೈರಿಗೂ ಕೇಜಿಗೂ ನಡುವಿನ ಸಂದು ಎರಡು ಇಂಚಿನಷ್ಟಿರಬೇಕು. ಅದಕ್ಕಿಂತ ಕಡಿಮೆಯಾದರೆ ಎರೆಮಣ್ಣಿನ ಜೊತೆ ಹಳೇ ಬೆಳೆಯ ಕೂಳೆ ಸೇರಿ ಅಲ್ಲಿ ಇಟ್ಟಿಗೆಯ ಹಾಗೆ ಕಚ್ಚಿಕೊಳ್ಳುತ್ತದೆ. ಒಂದು ಕಲ್ಲು ಸಿಕ್ಕಿದರೂ ಟೈರಿನ ಪಕ್ಕೆ ಸೀಳುತ್ತದೆ, ಆ ಸೀಳಿಗೆ ಪ್ಯಾಚ್ ನಿಲ್ಲುವುದಿಲ್ಲ. ಸಂದು ಹೆಚ್ಚಾದರೆ ಭಾರ ಹೊರಕ್ಕೆ ಹೋಗಿ ಆಕ್ಸಲ್ ಬೇರಿಂಗು, ಆಯಿಲ್ ಸೀಲು ಸೋಲುತ್ತವೆ. ಸೀಲು ಹೋದರೆ ಬ್ರೇಕಿಗೂ ಎಣ್ಣೆ ಇಳಿಯಬಹುದು. ಸಂದಿನಲ್ಲಿ ಮಣ್ಣು ಕಚ್ಚುವುದರಿಂದ ನಾಲ್ಕೈದು ಸುತ್ತಿಗೊಮ್ಮೆ ಇಂಜಿನ್ ಆಫ್ ಮಾಡಿ ಹಾರೆಯಿಂದ ಮಣ್ಣು ಕೆಡವಲೇಬೇಕು.

ಎರಡನೆಯದು ಬೋಲ್ಟು. ಎಷ್ಟೇ ಬಿಗಿ ಮಾಡಿದರೂ ಮೊದಲ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತವೆ. ಆಗ ನಿಲ್ಲಿಸಿ ಮತ್ತೆ ಬಿಗಿಯದಿದ್ದರೆ ಗಾಲಿಯ ಡಿಸ್ಕಿನ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಆಮೇಲೆ ಯಾವ ಬೋಲ್ಟೂ ನಿಲ್ಲುವುದಿಲ್ಲ. ಸ್ಪ್ರಿಂಗ್ ವಾಷರ್ ಹಾಕಿ, ಮೇಲೊಂದು ನಟ್ ಜಾಸ್ತಿ ಕೊಡಿ. ತಲೆಯ ಮೇಲೆ 8.8 ಎಂದು ಗಟ್ಟಿತನದ ಗುರುತು ಕೆತ್ತಿರುವ ಬೋಲ್ಟನ್ನೇ ಕೇಳಿ ತನ್ನಿ.

ಕೇಜಿನ ಸುತ್ತಳತೆ ಟೈರಿಗಿಂತ ಚಿಕ್ಕದಿರಬೇಕು, ಅಂಚಿನಲ್ಲಿ ಒಂದೂವರೆ ಇಂಚು ಒಳಗೆ. ಆಗ ಬಂಡಿದಾರಿಯಲ್ಲಿ ಭಾರವೆಲ್ಲ ಟೈರಿನ ಮೇಲಿರುತ್ತದೆ, ಕೆಸರಿಗೆ ಇಳಿದಾಗ ಮಾತ್ರ ಕೇಜು ಕಚ್ಚುತ್ತದೆ. ಟೈರು ಸವೆದಿದ್ದರೆ, ಗಾಳಿ ಕಮ್ಮಿಯಿದ್ದರೆ ಈ ಲೆಕ್ಕ ತಪ್ಪುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವಾಗ ಟ್ರ್ಯಾಕ್ಟರನ್ನೇ ಒಯ್ದು ಅಳತೆ ಕೊಡಿ. ಕೆ.ಜಿ. ಲೆಕ್ಕದಲ್ಲಿ ದುಡ್ಡು ಉಳಿಸಲು ತೆಳು ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಹಾಕಿಸಬೇಡಿ, ಬದು ಹತ್ತಿಸುವಾಗಲೇ ಬಾಗುತ್ತದೆ, 6 ಎಂ.ಎಂ. ದಪ್ಪ ಇರಲಿ.

ಗಾಡಿ ಹೂತರೆ ಗಾಲಿಗೆ ಮರದ ತುಂಡು ಕಟ್ಟಿ ಎಬ್ಬಿಸಲು ಹೋಗಲೇಬೇಡಿ. ಗಾಲಿ ತಿರುಗದೆ ನಿಂತರೆ ಟ್ರ್ಯಾಕ್ಟರ್ ಮುಂದೆ ಎದ್ದು ಹಿಂದಕ್ಕೆ ಮಗುಚುತ್ತದೆ, ಜೀವ ಹೋಗುತ್ತದೆ. ರೊಟವೇಟರ್ ಎತ್ತಿ, ಬಂದ ಜಾಡಿನಲ್ಲೇ ನಿಧಾನ ರಿವರ್ಸ್ ತೆಗೆಯಿರಿ, ಆಗದಿದ್ದರೆ ಇನ್ನೊಂದು ಗಾಡಿಯಿಂದ ಎಳೆಸಿ. ಎರಡೂ ಹಿಂಗಾಲಿಯನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಹಾಕುವುದು ನೇರ ಹೋಗುವಾಗ ಮಾತ್ರ.

ನಾಟಿ ಮುಗಿದ ಮೇಲೆ ತೊಳೆದು, ಬೋಲ್ಟುಗಳಿಗೆ ಹಳೇ ಇಂಜಿನ್ ಆಯಿಲ್ ಸವರಿ ಡಬ್ಬಿಗೆ ಹಾಕಿಡಿ. ಓರೆಪಟ್ಟಿಯ ಕೇಜಾದರೆ ಎಡದ್ದಕ್ಕೂ ಬಲದ್ದಕ್ಕೂ ಪೇಂಟಿನಲ್ಲಿ ಗುರುತು ಹಾಕಿ. ಟೈರಿನ ಕಚ್ಚು ವಾಲಿದ ಕಡೆಗೇ ಪಟ್ಟಿಯೂ ವಾಲಬೇಕು, ಅದಲುಬದಲಾದರೆ ಮಣ್ಣು ಹೊರಕ್ಕೆ ಬೀಳದೆ ಅಲ್ಲೇ ತುಂಬಿಕೊಳ್ಳುತ್ತದೆ.